ಪುಂಜಾಲಕಟ್ಟೆಯ ಎರಡು ಟ್ಯಾಂಕುಗಳು

ಬಂಟ್ವಾಳದಿಂದ ಬೆಳ್ತಂಗಡಿಗೆ ಓಡುತ್ತಿದ್ದ ಬಸ್ಸುಗಳಲ್ಲಿ ಹುಕ್ರಪ್ಪನ ಬ್ರಷ್ಷು ತಾಗದ ಬಸ್ಸು ಇರಲಿಲ್ಲ. ಪುಂಜಾಲಕಟ್ಟೆಯ ಪೇಟೆ ಮುಗಿಯುವಲ್ಲಿ, ರಸ್ತೆಗೆ ಮುಖಮಾಡಿ, ಅವನದೊಂದು ತಗಡಿನ ಮಾಡಿನ ಶೆಡ್ಡು. ಮಳೆಗಾಲ ಕಳೆದ ಮೇಲೆ ಕೆಸರು, ಗೀರು, ತುಕ್ಕು ಹೊತ್ತುಕೊಂಡು ಬಂದ ಬಸ್ಸುಗಳು ಅಲ್ಲಿಂದ ಮದುಮಗನ ಹಾಗೆ ಹೊರಡುತ್ತಿದ್ದವು. ಹುಕ್ರಪ್ಪ ಬಣ್ಣ ಕೊಟ್ಟ ಬಸ್ಸಿನ ಮೈಯಲ್ಲಿ ಮುಖ ನೋಡಿಕೊಂಡು ತಲೆ ಬಾಚಬಹುದು ಎಂದು ಕಂಡಕ್ಟರುಗಳು ಹೇಳುತ್ತಿದ್ದರು; ಕೆಲವರು ಬಾಚುತ್ತಲೂ ಇದ್ದರು. ಹಳತನ್ನು ಹೊಸತು ಮಾಡುವುದು ಅವನಿಗೆ ಗೊತ್ತಿದ್ದ ಕೆಲಸ. ಬೇರೆ ಕೆಲಸ ಕಲಿಯುವ ಅಗತ್ಯವೂ ಬಿದ್ದಿರಲಿಲ್ಲ.

ಯುದ್ಧ ನಿಂತ ವರ್ಷ, ಅರುವತ್ತೈದರ ಡಿಸೆಂಬರಿನಲ್ಲಿ, ಬೆಳ್ತಂಗಡಿಯ ಧರ್ಣಪ್ಪ ಮಾಸ್ಟ್ರು ಬಸ್ಸಿನ ಟಾಪಿನಿಂದ ಎರಡು ಗೋಣಿಚೀಲ ಇಳಿಸಿಕೊಂಡು ಅವನ ಮಾಡಿನೊಳಗೆ ಬಂದರು. ಗಣರಾಜ್ಯ ದಿನಕ್ಕೆ ಬೆಳ್ತಂಗಡಿಯಲ್ಲಿ ಒಂದು ಪ್ರದರ್ಶನ ಏರ್ಪಾಡಾಗಿತ್ತು. ಅದರ ಸಮಿತಿಗೆ ಮಾಸ್ಟ್ರೇ ಕಾರ್ಯದರ್ಶಿ. ಚೀಲ ಬಿಚ್ಚಿದಾಗ ಒಳಗಿಂದ ಹಲಸಿನ ಮರದ ಎರಡು ಟ್ಯಾಂಕುಗಳು ಹೊರಬಂದವು. ಮೊಣಕೈಯಿಂದ ಬೆರಳ ತುದಿಯವರೆಗಿನ ಉದ್ದ. ಬಿದಿರಿನ ತೋಪು, ಚಕ್ರದ ಸುತ್ತ ಹಳೆಯ ಸೈಕಲ್ ಟಯರಿನ ಪಟ್ಟಿ. ಮಾಡಿದವನು ಗುರುವಾಯನಕೆರೆಯ ಆಚಾರಿ ಡೊಂಬಯ್ಯ.

"ಒಂದು ನಮ್ಮದು, ಒಂದು ಶತ್ರುವಿನದು" ಎಂದರು ಮಾಸ್ಟ್ರು.

ಹುಕ್ರಪ್ಪ ಎರಡನ್ನೂ ತಿರುಗಿಸಿ ನೋಡಿದ. "ಯಾವುದು ಯಾವುದು ಮಾಸ್ಟ್ರೇ?"

"ಅದನ್ನು ನೀನು ಮಾಡಬೇಕು ಮಾರಾಯ. ಡೊಂಬಯ್ಯನಿಗೆ ಕೊಡಲಿಕ್ಕೆ ನನಗೆ ಪೇಪರಿನಲ್ಲಿ ಸಿಕ್ಕಿದ್ದು ಒಂದೇ ಚಿತ್ರ. ಅವ ಅದನ್ನೇ ನೋಡಿ ಎರಡೂ ಮಾಡಿದ್ದಾನೆ. ನಮ್ಮದು ಹೊಸ ಬಸ್ಸಿನ ಹಾಗೆ ಹೊಳೀಬೇಕು. ಅವರದ್ದು ಸುಟ್ಟು, ಜಜ್ಜಿ, ಮೂರು ಕಾಸಿಗೆ ಬೇಡವಾಗಿರಬೇಕು. ನೋಡಿದ ಕೂಡಲೇ ಜನಕ್ಕೆ ಗೊತ್ತಾಗಬೇಕು."

"ಬಣ್ಣ ಎಂತದು?"

ಮಾಸ್ಟ್ರು ಜೇಬಿನಿಂದ ಪೇಪರಿನ ತುಂಡು ತೆಗೆದು ಅವನ ಕೈಗಿಟ್ಟರು. ಅದರಲ್ಲಿ ಟ್ಯಾಂಕು ಕಪ್ಪು, ಹೊಲ ಬೂದಿ, ಆಕಾಶ ಬಿಳಿ. "ನೋಡಿ ಮಾಡು" ಎಂದು ಹೇಳಿ ಅವರು ಬಂದ ಬಸ್ಸನ್ನೇ ಹಿಡಿದರು.

ಅಂದಿನಿಂದ ಹುಕ್ರಪ್ಪನ ತಲೆ ಕೆಟ್ಟಿತು. ಅಂಚೆಯವನನ್ನು ಕೇಳಿದರೆ ಟ್ಯಾಂಕು ಹಸಿರು ಎಂದ. ಮೂಡಬಿದಿರೆಯಿಂದ ಬಟ್ಟೆ ಮಾರಲು ಬರುತ್ತಿದ್ದವನು, ಮರಳಿನ ಬಣ್ಣ, ನಾನು ಬೊಂಬಾಯಿಯಲ್ಲಿ ಕಣ್ಣಾರೆ ಕಂಡಿದ್ದೇನೆ ಎಂದ. ಹೋಟೆಲಿನಲ್ಲಿ ಒಬ್ಬರು ಬೂದಿ ಎಂದರು. ಕೇಳಿ ನೋಡಿದರೆ ಅವರು ನೋಡಿದ್ದೂ ಅದೇ ಪೇಪರಿನ ಚಿತ್ರ. ಕೊನೆಗೆ ಹೆಂಡತಿ ಪೂವಮ್ಮ, "ಮಿಲಿಟ್ರಿಯವರ ಅಂಗಿ ಹಸಿರಲ್ವಾ, ಅದನ್ನೇ ಬಳೀರಿ" ಎಂದಳು. ಅವನು ಬಂಟ್ವಾಳದಿಂದ ಎನಾಮೆಲ್ ತಂದು ಒಂದಕ್ಕೆ ಎರಡು ಕೋಟು ಹಸಿರು ಹೊಡೆದ. ಕೈ ಸುಮ್ಮನಿರದೆ ಅಂಚಿಗೆ ಹಳದಿ ಗೆರೆಯನ್ನೂ ಎಳೆದ. ಟ್ಯಾಂಕು ಬೆಳ್ತಂಗಡಿಗೆ ಹೋಗುವ ಬೆಳಗ್ಗಿನ ಬಸ್ಸಿನ ಹಾಗೇ ಕಂಡಿತು.

ಇನ್ನೊಂದನ್ನು ಹಾಳು ಮಾಡಬೇಕಿತ್ತು. ಅದಕ್ಕೂ ಹಸಿರು ಬಳಿದು, ಉಳಿಯಿಂದ ನಾಲ್ಕು ಪೆಟ್ಟು ಹಾಕಿ, ಒಲೆಯ ಮಸಿ ತಂದು ಮೆತ್ತಿದ. ಅದು ಯುದ್ಧದಲ್ಲಿ ಸೋತ ಹಾಗೆ ಕಾಣಲಿಲ್ಲ, ಅಟ್ಟದ ಮೇಲೆ ಬಿದ್ದಿರುವ ಅನ್ನದ ಚರಿಗೆಯ ಹಾಗೆ ಕಂಡಿತು. ಒರೆಸಿ ಮತ್ತೆ ಮೆತ್ತಿದ. ಇಷ್ಟು ವರ್ಷ ಎಷ್ಟು ಬಸ್ಸಿನ ತುಕ್ಕು ಕೆರೆದಿದ್ದೇನೆ, ಒಂದು ತುಕ್ಕು ಬರಿಸಲಿಕ್ಕೆ ನನಗೆ ಬರುವುದಿಲ್ಲವಲ್ಲ ಎಂದು ಅವನಿಗೆ ಸೋಜಿಗವಾಯಿತು.

ಎರಡನ್ನೂ ಬಿಸಿಲಿಗೆ ಇಟ್ಟಿದ್ದ ಒಂದು ದಿನ, ಅಬ್ದುಲ್ ಶುಕೂರ್ ಬಸ್ಸಿನಿಂದಿಳಿದವನು ಅವುಗಳ ಮುಂದೆ ನಿಂತುಬಿಟ್ಟ. ಶುಕೂರ್ ಪುಂಜಾಲಕಟ್ಟೆಯ ಬ್ಯಾರಿ ಮುಸ್ಲಿಮರ ಮನೆಯ ಬೀಯಮ್ಮನ ಮಗ, ಮಿಲಿಟರಿಯಲ್ಲಿ ಮೆಕ್ಯಾನಿಕ್. ಕೆಟ್ಟು ನಿಂತ ಟ್ಯಾಂಕುಗಳನ್ನು ಚೈನು ಹಾಕಿ ಎಳೆದು ತರುವುದು ಅವನ ಕೆಲಸವಾಗಿತ್ತು. ಆ ಚೈನಿಗೆ ಸಿಕ್ಕಿ ಎಡಗೈಯ ಎರಡು ಬೆರಳು ಜಜ್ಜಿಹೋಗಿ, ರಜೆಯ ಮೇಲೆ ಊರಿಗೆ ಬಂದಿದ್ದ.

"ಹುಕ್ರಪ್ಪಣ್ಣ, ಇದು ಎಂತ ಟ್ಯಾಂಕಾ, ಸರ್ವಿಸ್ ಬಸ್ಸಾ?"

"ನೀನೊಬ್ಬ ಬಾಕಿ ಇದ್ದಿ ನಗಾಡಲಿಕ್ಕೆ. ನೋಡಿದವ ನೀನು, ಹೇಳು ನೋಡುವ. ಯಾವ ಬಣ್ಣ?"

ಶುಕೂರ್ ಕುಕ್ಕರಗಾಲಲ್ಲಿ ಕುಳಿತು ಹಸಿರು ಟ್ಯಾಂಕಿನ ಬೆನ್ನ ಮೇಲೆ ಬೆರಳೆಳೆದ. "ಹಸಿರು ಸರಿ. ಆದರೆ ಹೊಳಪು ಉಂಟಲ್ಲ, ಅದು ಆಗುವುದಿಲ್ಲ. ಹೊಳೆದರೆ ದೂರದಿಂದ ಕಾಣ್ತದೆ, ಕಂಡರೆ ಗುಂಡು ಬೀಳ್ತದೆ. ಮತ್ತೆ ನಾಲ್ಕು ದಿನ ಓಡಿದ ಮೇಲೆ ಹಸಿರು ಎಲ್ಲಿ ಕಾಣ್ತದೆ? ಧೂಳೇ ಬಣ್ಣ."

"ಹಾಗಾದರೆ ಧೂಳು ಹಾಕಬೇಕಾ? ನಾನು ಮಾಡಿದ ಪೇಂಟಿನ ಮೇಲೆ?" ಹುಕ್ರಪ್ಪನಿಗೆ ಅವನು ತಮಾಷೆ ಮಾಡುತ್ತಿದ್ದಾನೋ ನಿಜ ಹೇಳುತ್ತಿದ್ದಾನೋ ತಿಳಿಯಲಿಲ್ಲ.

"ಹಾಕುವ. ನಾನೂ ಕೂತುಕೊಳ್ತೇನೆ. ಮನೆಯಲ್ಲಿ ಕೂತು ಕೂತು ಸಾಕಾಗಿದೆ."

ಮರುದಿನದಿಂದ ಇಬ್ಬರೂ ಕುಳಿತರು. ಎಲ್ಲಿ ಸವೆಯುತ್ತದೆ ಎಂಬುದು ಶುಕೂರನಿಗೆ ಗೊತ್ತಿತ್ತು. ಸವೆದ ಹಾಗೆ ಹೇಗೆ ತೋರಿಸುವುದು ಎಂದು ಹುಕ್ರಪ್ಪ ಹುಡುಕಬೇಕಾಗಿತ್ತು. ಮೊದಲು ಮರಳುಕಾಗದದಿಂದ ಹೊಳಪು ತೆಗೆದರು. ಹಳದಿ ಗೆರೆ ಅಳಿಸುವಾಗ ಹುಕ್ರಪ್ಪ ಮುಖ ಆಚೆ ತಿರುಗಿಸಿದ. ಹಸಿರಿಗೆ ಚಿಮಿಣಿ ಎಣ್ಣೆ, ಸೀಮೆಸುಣ್ಣದ ಪುಡಿ ಬೆರೆಸಿ ಮಂಕಾದ ಒಂದು ಕೋಟು ಕೊಟ್ಟರು. ಜವಾನರು ಹತ್ತಿ ಇಳಿಯುವ ಕಡೆ ಬಣ್ಣ ಎದ್ದು ಕಬ್ಬಿಣ ಕಾಣಬೇಕು ಎಂದ ಶುಕೂರ್. ಹುಕ್ರಪ್ಪ ಪೆನ್ಸಿಲಿನ ಮೊನೆಯನ್ನು ಪುಡಿಮಾಡಿ, ಹೆಬ್ಬೆರಳಿನಿಂದ ಅಂಚುಗಳಿಗೆ ತಿಕ್ಕಿದ. ಹಲಸಿನ ಮರ ನೋಡನೋಡುತ್ತಿದ್ದಂತೆ ಕಬ್ಬಿಣವಾಯಿತು. ಅವನ ಕೈ ಅಲ್ಲೇ ನಿಂತಿತು.

"ಎಂತಾಯಿತು?" ಎಂದ ಶುಕೂರ್.

"ಏನಿಲ್ಲ. ಇದು ನಾನೇ ಮಾಡಿದ್ದಾ ಅಂತ."

ತುಕ್ಕಿಗೆ ಕೆಂಪು ಮುರಕಲ್ಲು ಕುಟ್ಟಿ, ವಸ್ತ್ರಗಾಳಿಸಿ, ಅಂಟಿನಲ್ಲಿ ಕಲಸಿದರು. ಬ್ರಷ್ಷನ್ನು ಬಣ್ಣದಲ್ಲಿ ಅದ್ದಿ, ಹಳೆ ಬಟ್ಟೆಗೆ ಒರೆಸಿ ಒರೆಸಿ, ಇನ್ನೇನೂ ಉಳಿದಿಲ್ಲ ಎಂದಾಗ ಟ್ಯಾಂಕಿನ ಮೇಲೆ ಆಡಿಸಿದರೆ ಬರೀ ಉಬ್ಬುಗಳಿಗೆ ಮಾತ್ರ ಧೂಳು ಹಿಡಿಯುವುದು ಹುಕ್ರಪ್ಪನಿಗೆ ತಾನಾಗಿ ತಿಳಿಯಿತು. ಹೊಗೆ ಉಗುಳುವ ಕಡೆ ದೀಪದ ಮಸಿ. ಎಣ್ಣೆ ಸೋರಿದ ಕಡೆ ತೆಳ್ಳಗಿನ ಕಪ್ಪು ಗೆರೆ. ಗುಂಡು ಬಡಿದ ಕಡೆ ಉಳಿಯಿಂದ ಜಜ್ಜಿ ಒಂದು ತೂತು. ಒಂದು ಸಲ ಅವನು ಉಮೇದಿನಲ್ಲಿ ಮೈಯೆಲ್ಲ ತುಕ್ಕು ಬಳಿದಾಗ ಶುಕೂರ್ ಗದರಿದ: "ಇದೆಂತ, ಸಮುದ್ರದಲ್ಲಿ ಮುಳುಗಿದ ಹಡಗಾ? ನೀರು ನಿಲ್ಲುವಲ್ಲಿ ಮಾತ್ರ."

ಕೆಲಸ ಕೈಗೆ ಹತ್ತಿದ ಮೇಲೆ ಹುಕ್ರಪ್ಪ ಕೇಳಿದ: "ಹಾಗಾದರೆ ಶತ್ರುವಿನದ್ದು ಇದಾಯಿತು. ಆ ಇನ್ನೊಂದಕ್ಕೆ ಹೊಳಪು ಕೊಟ್ಟು ನಮ್ಮದು ಮಾಡುವನಾ?"

"ಇದು ನಮ್ಮದೇ" ಎಂದ ಶುಕೂರ್.

"ನಮ್ಮದು? ಇಷ್ಟು ಹಾಳಾಗಿ?"

"ಗೆಲ್ಲಬೇಕಾದರೆ ಮುಂದೆ ಹೋಗಬೇಕಲ್ವಾ ಅಣ್ಣ. ಮುಂದೆ ಹೋದದ್ದಕ್ಕೆ ಪೆಟ್ಟು ಬೀಳ್ತದೆ. ಅವರದ್ದು ನಾನು ಎಳೆದದ್ದು ಕಬ್ಬಿನ ಗದ್ದೆಯಿಂದ. ನಮ್ಮವರು ಗದ್ದೆಗೆ ನೀರು ಬಿಟ್ಟಿದ್ದರು, ಹೂತುಹೋಗಿತ್ತು. ಅರ್ಧದವರೆಗೆ ಕೆಸರು, ಮೇಲೆ ಹೊಸ ಪೇಂಟು. ಒಂದು ಗೀರಿಲ್ಲ."

ಹುಕ್ರಪ್ಪನಿಗೆ ಮಾಸ್ಟ್ರು ಹೇಳಿದ್ದು ಒಂದು, ಇವನು ಹೇಳುವುದು ಇನ್ನೊಂದು. ಆದರೆ ಮಾಸ್ಟ್ರು ಜಿಲ್ಲೆ ದಾಟಿರಲಿಲ್ಲ, ಇವನು ಹೋಗಿ ಬಂದವನು. ಎರಡನೆಯ ಟ್ಯಾಂಕಿನ ಮಸಿಯನ್ನೆಲ್ಲ ತೆಗೆದು, ಉಳಿಯ ಗಾಯಕ್ಕೆ ಮೇಣ ತುಂಬಿ, ಮಂಕು ಹಸಿರಿನ ಸಪಾಟು ಕೋಟು ಕೊಟ್ಟ. ನಡುವಿನವರೆಗೆ ಗದ್ದೆಯ ಮಣ್ಣನ್ನು ಅಂಟಿನಲ್ಲಿ ಕಲಸಿ ಹಚ್ಚಿದ. ಅದಾದ ಮೇಲೆ ಮೇಲಿನ ಅರ್ಧಕ್ಕೆ ಬಟ್ಟೆಯಿಂದ ಸ್ವಲ್ಪ ಪಾಲಿಶ್ ಕೊಟ್ಟದ್ದು ಅಭ್ಯಾಸ ಬಲದಿಂದ.

ಜನವರಿಯಲ್ಲಿ ತಾಷ್ಕೆಂಟಿನಲ್ಲಿ ಒಪ್ಪಂದವಾಯಿತು. ಅದರ ಬೆನ್ನಿಗೇ ಪ್ರಧಾನಿಗಳು ಅಲ್ಲೇ ತೀರಿಕೊಂಡ ಸುದ್ದಿ ಬಂತು. ಪೇಟೆಯ ಅಂಗಡಿಗಳು ಮುಚ್ಚಿದವು. ಪ್ರದರ್ಶನ ಉಂಟೋ ಇಲ್ಲವೋ ಎಂದು ಹುಕ್ರಪ್ಪ ಕಾಯುತ್ತಿದ್ದಾಗ ಧರ್ಣಪ್ಪ ಮಾಸ್ಟ್ರೇ ಬಂದರು. ಅವರೂ ಗಲಿಬಿಲಿಯಲ್ಲಿದ್ದರು.

"ಪ್ರದರ್ಶನ ಉಂಟು. ಆದರೆ ಸಮಿತಿಯಲ್ಲಿ ಒಬ್ಬರು ಹೇಳ್ತಾರೆ, ಶಾಂತಿ ಆದ ಮೇಲೆ ಶತ್ರು ಅಂತ ಬರೆಯಬಾರದು ಅಂತ. ಇನ್ನೊಬ್ಬರು ಹೇಳ್ತಾರೆ, ಬರೆಯದಿದ್ದರೆ ಜನ ಬರುವುದಿಲ್ಲ ಅಂತ. ನೀನು ಬಾವುಟ ಗಿವುಟ ಎಂತದೂ ಬರೀಬೇಡ. ಬೋರ್ಡು ನಾವೇ ಇಡ್ತೇವೆ." ಹಾಗೆ ಹೇಳುತ್ತಾ ಅವರು ಗೋಣಿ ಸರಿಸಿ ನೋಡಿದರು. "ಭಾರೀ ಲಾಯಕ್ಕಾಗಿದೆ ಹುಕ್ರಪ್ಪ. ಎರಡೂ ನಿಜದ್ದೇ." ಬಸ್ಸಿನವನು ಹಾರ್ನ್ ಒತ್ತುತ್ತಿದ್ದ. ಯಾವುದು ಯಾವುದು ಎಂದು ಅವರು ಕೇಳಲಿಲ್ಲ; ಹುಕ್ರಪ್ಪ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಚೀಲಗಳು ಟಾಪಿನ ಮೇಲಿದ್ದವು.

ಗಣರಾಜ್ಯ ದಿನದಂದು ಹುಕ್ರಪ್ಪ ಒಗೆದ ಅಂಗಿ ಹಾಕಿಕೊಂಡು, ಶುಕೂರನ ಜೊತೆ ಬೆಳ್ತಂಗಡಿಗೆ ಹೋದ. ಬಸ್ಸು ದಾರಿಯಲ್ಲಿ ಟಯರು ಪಂಕ್ಚರಾಗಿ ತಡವಾಯಿತು. ಪ್ರದರ್ಶನದ ಚಪ್ಪರದಲ್ಲಿ ಜನವೋ ಜನ. ನಡುವಿನ ಮೇಜಿನ ಮೇಲೆ ಎರಡು ಟ್ಯಾಂಕುಗಳಿದ್ದವು. ಕೆಸರಿನ ಟ್ಯಾಂಕಿಗೆ ಸೇವಂತಿಗೆಯ ಹಾರ ಬಿದ್ದಿತ್ತು, ಹಣೆಗೆ ಕುಂಕುಮ. ಮುಂದೆ 'ನಮ್ಮ ವೀರ ಟ್ಯಾಂಕು' ಎಂದು ಬರೆದ ರಟ್ಟು. ಪೆಟ್ಟು ತಿಂದ ಟ್ಯಾಂಕಿನ ಮುಂದೆ 'ಸೋತ ಟ್ಯಾಂಕು' ಎಂದಿತ್ತು. ಅದರ ಮೇಲೆ ಯಾರೋ ಎಲೆಯಡಿಕೆ ಉಗಿದಿದ್ದರು. ಕೆಂಪು ರಸ ತೋಪಿನಿಂದ ಇಳಿದು ಮೇಜಿನ ಬಟ್ಟೆಗೆ ತೊಟ್ಟಿಕ್ಕುತ್ತಿತ್ತು.

ಬೋರ್ಡು ತಪ್ಪಿದೆ ಎನ್ನುವುದು ಹುಕ್ರಪ್ಪನ ಮೊದಲ ಯೋಚನೆ. ತಾನೇ ತಪ್ಪಿದೆನೋ ಎನ್ನುವುದು ಎರಡನೆಯದು. ಮಾಸ್ಟ್ರು ಹೊಳೆಯುವುದು ನಮ್ಮದು ಎಂದು ಮೊದಲೇ ಹೇಳಿರಲಿಲ್ಲವೇ? ಅವನು ಜನರ ನಡುವೆ ದಾರಿ ಮಾಡಿಕೊಂಡು ಮೇಜಿನ ಹತ್ತಿರ ಹೋದ.

ಹಾರ ಹಾಕಿದ ಟ್ಯಾಂಕಿನ ಪಕ್ಕದಲ್ಲಿ ಒಬ್ಬ ಹೆಂಗಸು, ಅಲ್ಲಿಂದ ಸರಿಯಲು ಮನಸ್ಸಿಲ್ಲದವಳ ಹಾಗೆ ನಿಂತಿದ್ದಳು. ಚಾರ್ಮಾಡಿಯ ಸೇಸಮ್ಮ. ಅವಳ ಮಗ ಟ್ಯಾಂಕಿನ ಪಡೆಯಲ್ಲಿದ್ದ. ಬದುಕಿದ್ದಾನೆ ಎಂಬ ಸುದ್ದಿ ಬಂದಿತ್ತು, ಇನ್ನೂ ಊರಿಗೆ ಬಂದಿರಲಿಲ್ಲ. ಹಾರ ಹಾಕಲಿಕ್ಕೆ ಸಮಿತಿಯವರು ಅವಳನ್ನೇ ಕರೆಸಿದ್ದರು.

"ಬಣ್ಣ ಕೊಟ್ಟವ ನೀನಾ ಮಗಾ?" ಎಂದಳು, ಮಾಸ್ಟ್ರು ತೋರಿಸಿಕೊಟ್ಟ ಮೇಲೆ. "ಎಷ್ಟು ಗಟ್ಟಿ ಉಂಟು ನೋಡು. ಒಂದು ಗೀರಿಲ್ಲ. ನಾನು ಇಷ್ಟು ದಿನ ಎಂತೆಂತದೋ ಎಣಿಸಿಕೊಂಡಿದ್ದೆ. ಇದರ ಒಳಗೆ ಕೂತವನಿಗೆ ಎಂತ ಆಗ್ತದೆ, ಅಲ್ವಾ?"

ಹುಕ್ರಪ್ಪ ತಲೆಯಾಡಿಸಿದ. ಮಾಸ್ಟ್ರನ್ನು ಪಕ್ಕಕ್ಕೆ ಕರೆದು ಹೇಳುವುದೇ? ಹೇಳಿದರೆ ಬೋರ್ಡು ಬದಲಾಗುತ್ತದೆ. ಬದಲಾದರೆ ಈ ಅಮ್ಮ ಆ ಜಜ್ಜಿದ ತಗಡು, ಆ ಮಸಿ, ಆ ತುಕ್ಕು ಎಲ್ಲವನ್ನೂ ನೋಡುತ್ತಾಳೆ. ಅದನ್ನೆಲ್ಲ ನಿಜದ್ದೇ ಅನ್ನಿಸುವ ಹಾಗೆ ಮಾಡಿದವನು ತಾನು. ಪೆನ್ಸಿಲಿನ ಪುಡಿ ಅಂತ ಹೇಳಿದರೆ ಅವಳು ನಂಬಿಯಾಳೇ?

ಅಷ್ಟರಲ್ಲಿ ಬೆನ್ನ ಹಿಂದೆ ಗಲಾಟೆ ಕೇಳಿಸಿತು. ಶುಕೂರ್ ಇನ್ನೊಂದು ಟ್ಯಾಂಕಿನ ಮುಂದೆ ಬಗ್ಗಿ, ಕರವಸ್ತ್ರದಿಂದ ಎಲೆಯಡಿಕೆಯ ರಸವನ್ನು ಒರೆಸುತ್ತಿದ್ದ. ಧೂಳು ಹೋಗದ ಹಾಗೆ ಮೆಲ್ಲ ಒತ್ತಿ ಒತ್ತಿ ಒರೆಸುತ್ತಿದ್ದ.

"ಏ ಬ್ಯಾರಿ, ಶತ್ರುವಿನ ಟ್ಯಾಂಕಿನ ಮೇಲೆ ನಿನಗೆ ಎಂತ ಅಷ್ಟು ಪ್ರೀತಿ?" ಎಂದ ಒಬ್ಬ. ಪೇಟೆಗೆ ಸಾಮಾನಿಗೆ ಬಂದವನು, ಶುಕೂರನ ತಲೆಯ ಟೊಪ್ಪಿ ಕಂಡಿದ್ದನೇ ಹೊರತು ಅವನು ಮಿಲಿಟರಿಯವನೆಂದು ತಿಳಿಯದವನು.

ಶುಕೂರ್ ತಿರುಗಿ ನೋಡಲಿಲ್ಲ. "ಇದು ಶತ್ರುವಿನದ್ದಲ್ಲ" ಎಂದ.

"ಬೋರ್ಡು ಓದಲಿಕ್ಕೆ ಬರುವುದಿಲ್ವಾ?"

"ಬರ್ತದೆ."

ಇನ್ನಿಬ್ಬರು ಹತ್ತಿರ ಸರಿದರು. ಅವರಲ್ಲಿ ಒಬ್ಬ ಶುಕೂರನ ಹೆಗಲ ಮೇಲೆ ಕೈಯಿಟ್ಟ. ಸೇಸಮ್ಮ ಹಾರದ ಟ್ಯಾಂಕಿನ ಪಕ್ಕದಿಂದ ಈ ಕಡೆ ನೋಡಿದಳು. ಧರ್ಣಪ್ಪ ಮಾಸ್ಟ್ರು ರಟ್ಟುಗಳನ್ನೂ ಟ್ಯಾಂಕುಗಳನ್ನೂ ಸರತಿಯಲ್ಲಿ ನೋಡಿ, "ಹುಕ್ರಪ್ಪ, ನೀನೇ ಹೇಳು ಮಾರಾಯ. ಯಾವುದು ನಮ್ಮದು?" ಎಂದರು.

ಎಲ್ಲರೂ ಅವನ ಬಾಯಿ ನೋಡಿದರು. ಒಂದು ಕಡೆ ಶುಕೂರನ ಹೆಗಲ ಮೇಲಿನ ಆ ಕೈ, ಇನ್ನೊಂದು ಕಡೆ ಟ್ಯಾಂಕಿನ ಮೇಲೆ ಸೇಸಮ್ಮನ ಕೈ. ಏನು ಹೇಳಬೇಕೆಂದು ತೀರ್ಮಾನಿಸುವ ಮೊದಲೇ ಮಾತು ಹೊರಬಿತ್ತು.

"ಎರಡೂ ನಮ್ಮದೇ!"

"ಎರಡೂ?" ಎಂದರು ಮಾಸ್ಟ್ರು.

"ಹೌದು ಮಾಸ್ಟ್ರೇ. ನೋಡಿ, ರೂಪ ಒಂದೇ ಅಲ್ವಾ? ಒಂದೇ ಟ್ಯಾಂಕು ಅದು. ಇದು..." ಅವನು ಹಾರದ ಕಡೆ ಕೈ ತೋರಿಸಿದ. "ಇದು ಹೊರಟಾಗ. ಮಳೆಗೆ ಹೊರಟದ್ದು, ಕೆಸರು ಉಂಟು. ಅದು ವಾಪಸು ಬಂದಾಗ."

ಕೆಲವರು ಎರಡನ್ನೂ ಹೋಲಿಸಿ ನೋಡಿದರು. ನಿಜವೇ, ತೋಪು ಅದೇ, ಚಕ್ರ ಅದೇ, ಮೂತಿ ಅದೇ. ಶುಕೂರನ ಹೆಗಲ ಮೇಲಿದ್ದ ಕೈ ತಾನಾಗಿ ಜಾರಿತು.

"ಹಾಗಾದರೆ ಶತ್ರುವಿನದ್ದು ಎಲ್ಲಿ?" ಎಂದು ಮಾಸ್ಟ್ರು ಮೆಲ್ಲಗೆ ಕೇಳಿದರು.

"ಚಿತ್ರ ಒಂದೇ ಕೊಟ್ಟದ್ದಲ್ವಾ ನೀವು."

ಪೇಪರಿನ ಆ ಚಿತ್ರದ ಅಡಿಯಲ್ಲಿ 'ಶತ್ರುವಿನ ಟ್ಯಾಂಕು' ಎಂದು ಅಚ್ಚಾಗಿದ್ದುದು ಮಾಸ್ಟ್ರಿಗೆ ನೆನಪಾಯಿತೋ ಇಲ್ಲವೋ, ಹುಕ್ರಪ್ಪನಿಗೆ ಕೊನೆಗೂ ಗೊತ್ತಾಗಲಿಲ್ಲ. ಅವರು 'ಸೋತ ಟ್ಯಾಂಕು' ರಟ್ಟನ್ನು ಎತ್ತಿ ಕಂಕುಳಲ್ಲಿಟ್ಟುಕೊಂಡರು. "ಒಳ್ಳೆಯದೇ ಆಯಿತು. ಹೇಗೂ ಶಾಂತಿ ಆಗಿದೆ" ಎಂದರು, ಯಾರಿಗೆಂದಿಲ್ಲದೆ.

ಸೇಸಮ್ಮ ಮೇಜಿನ ಸುತ್ತ ಬಂದು ಪೆಟ್ಟು ತಿಂದ ಟ್ಯಾಂಕಿನ ಮುಂದೆ ನಿಂತಳು. ತೂತಿನ ಅಂಚಿಗೆ ಬೆರಳು ತಾಗಿಸಿದಳು. ಪೆನ್ಸಿಲಿನ ಪುಡಿ ಬೆರಳಿಗೆ ಹತ್ತಿತು.

"ಬಂದದ್ದು ಹೀಗಾ?" ಎಂದು ಶುಕೂರನನ್ನೇ ಕೇಳಿದಳು. ಅವನ ಜಜ್ಜಿದ ಬೆರಳುಗಳನ್ನು ನೋಡಿದ್ದಳೆಂದು ಕಾಣುತ್ತದೆ. "ಒಳಗಿದ್ದವರು?"

"ಇಳಿದು ಚಾ ಕುಡಿದರು ಅಮ್ಮಾ. ಟ್ಯಾಂಕಿಗೆ ಪೆಟ್ಟಾಗುವುದೇ ಒಳಗಿದ್ದವರಿಗೆ ಆಗಬಾರದು ಅಂತ."

ಅವಳು ಹಾರವನ್ನು ಆ ಟ್ಯಾಂಕಿನಿಂದ ತೆಗೆದು ಈ ಟ್ಯಾಂಕಿಗೆ ಹಾಕಿದಳು. "ವಾಪಸು ಬಂದದ್ದಕ್ಕಲ್ವಾ ಹಾಕಬೇಕಾದ್ದು" ಎಂದಳು. ಜನ ಮತ್ತೆ ಸಾಲಾಗಿ ನಡೆಯತೊಡಗಿದರು. ಎಲೆಯಡಿಕೆ ಉಗಿದವನು ಯಾರೋ, ಅಲ್ಲೇ ಎಲ್ಲೋ ಇದ್ದಿರಬೇಕು.

ಸಂಜೆ ಬಸ್ಸಿಗೆ ಕಾಯುತ್ತಾ ಇಬ್ಬರೂ ಕಟ್ಟೆಯ ಮೇಲೆ ಕುಳಿತರು. ಶುಕೂರ್ ಕೆಂಪು ಕಲೆ ಹಿಡಿದ ಕರವಸ್ತ್ರವನ್ನು ಮಡಚುತ್ತಾ ಬಿಚ್ಚುತ್ತಾ ಇದ್ದ. ಅವನಿಗೆ ಸಿಟ್ಟು ಬಂದಿದೆ ಎಂದು ಹುಕ್ರಪ್ಪ ಎಣಿಸಿದ.

"ತಪ್ಪಾಯಿತಾ ಶುಕೂರ? ನಿನ್ನ ಕೆಲಸವನ್ನೆಲ್ಲ ಸುಳ್ಳು ಮಾಡಿಬಿಟ್ಟೆ. ನನಗೆ ಆ ಹೊತ್ತಿಗೆ ಬೇರೆ ಎಂತದೂ ಹೊಳೆಯಲಿಲ್ಲ."

"ಇಲ್ಲ ಅಣ್ಣ" ಎಂದ ಶುಕೂರ್. "ನನಗೂ ಒಮ್ಮೆ ತಪ್ಪಿತ್ತು."

"ಎಂತ ತಪ್ಪಿತ್ತು?"

"ಆ ಕಬ್ಬಿನ ಗದ್ದೆಯಲ್ಲಿ. ಬೆಳಗ್ಗೆ ಮಂಜು. ಕೆಳಗೆ ಕೆಸರು ಮುಚ್ಚಿತ್ತು, ಮೇಲೆ ಮುರಿದ ಕಬ್ಬು ಮುಚ್ಚಿತ್ತು, ಒಂದು ತೋಪು ಮಾತ್ರ ಕಾಣ್ತಿತ್ತು. ನಮ್ಮದು ಒಂದು ಹೂತಿದೆ, ಎಳೆದು ತಾ ಅಂತ ಹೇಳಿ ಕಳಿಸಿದ್ದರು. ನಾನು ಹೋಗಿ ಚೈನು ಸಿಕ್ಕಿಸಿದೆ. ಮೇಲೆ ಹತ್ತಿ ಮುಚ್ಚಳಕ್ಕೆ ತಟ್ಟಿದೆ, ಒಳಗೆ ಯಾರಾದರೂ ಇದ್ದೀರಾ ಅಂತ. ಒಳಗಿಂದಲೂ ತಟ್ಟಿದರು. ತೆಗೆದರೆ ಇಬ್ಬರು. ಮೈಯೆಲ್ಲ ಎಣ್ಣೆ, ಕೆಸರು. ಒಬ್ಬ ಪಾನಿ ಅಂದ. ನನ್ನ ನೀರಿನ ಬಾಟ್ಲಿ ಕೊಟ್ಟೆ. ಇಬ್ಬರೂ ಕುಡಿದರು. ಕುಡಿದು ಬಾಟ್ಲಿ ವಾಪಸು ಕೊಡುವಾಗ ಅವನ ತೋಳಿನ ಪಟ್ಟಿ ಕಂಡಿತು. ನಮ್ಮದಲ್ಲ."

ಹುಕ್ರಪ್ಪ ಅವನ ಕಡೆ ತಿರುಗಿ ಕುಳಿತ. "ಮತ್ತೆ?"

"ಮತ್ತೆಂತ. ಅವನೂ ನನ್ನ ಪಟ್ಟಿ ನೋಡಿದ. ಇಬ್ಬರಿಗೂ ಎಂತ ಮಾಡಬೇಕು ಅಂತ ಗೊತ್ತಾಗಲಿಲ್ಲ. ನಮ್ಮ ಸುಬೇದಾರರು ಬರುವವರೆಗೆ ಹಾಗೇ ಕೂತಿದ್ದೆವು. ಅವರನ್ನು ಕರಕೊಂಡು ಹೋದರು. ನಾನು ಟ್ಯಾಂಕು ಎಳೆದೆ. ಅವತ್ತೇ ಬೆರಳು ಸಿಕ್ಕಿಬಿದ್ದದ್ದು, ಮನಸ್ಸು ಎಲ್ಲಿಯೋ ಇತ್ತು."

ಬಸ್ಸು ಬಂದು ನಿಂತಿತು. ಅದರ ಮೈ ತಾನೇ ಬಳಿದದ್ದೆಂದು ಹುಕ್ರಪ್ಪನಿಗೆ ನೋಡಿದೊಡನೆ ತಿಳಿಯಿತು. ಸಂಜೆಬೆಳಕು ಅದರ ಮೇಲೆ ಎಣ್ಣೆಯ ಹಾಗೆ ಹರಡಿತ್ತು. ಹತ್ತುವ ಮೊದಲು ಅವನು ಶುಕೂರನಿಗೆ ಏನಾದರೂ ಹೇಳಬೇಕೆಂದುಕೊಂಡ. ನೀರು ಕೊಟ್ಟದ್ದು ಸರಿಯಾಯಿತು ಎನ್ನಬೇಕೋ, ಬೆರಳಿಗೆ ನೋವುಂಟಾ ಎಂದು ಕೇಳಬೇಕೋ ತಿಳಿಯದೆ, "ನೀನು ಕಿಟಕಿ ಬದಿಗೆ ಕೂತುಕೋ" ಎಂದಷ್ಟೇ ಹೇಳಿದ. ಶುಕೂರ್ ಕಿಟಕಿ ಬದಿಗೆ ಕುಳಿತ. ಕಂಡಕ್ಟರ್ ಸೀಟಿ ಊದಿದ.